ಹೊಲಿದ ಮುಷ್ಟಿ

ಹಲ್ಲಿನ ನಡುವೆ ಮತ್ತೆ ಮಣ್ಣು ಕರಕರ ಅಂದಿತು, ಥರ್ಮಾಸಿನ ಮುಚ್ಚಳದಲ್ಲಿದ್ದ ಚಹಾವನ್ನು ಅಂಗೈಯಿಂದ ಮುಚ್ಚಿಕೊಂಡಿದ್ದರೂ ಈ ಕೆಂಪು ಕಲ್ಲುಪುಡಿ ಹೇಗೋ ಒಳಗೆ ಇಳಿಯುತ್ತದೆ, ಎರಡನೇ ತಿರುವಿನಲ್ಲಿ ನಿಂತರೆ ಹೀಗೇ, ನಾಲ್ಕು ಬೈಕುಗಳು ಒಟ್ಟಿಗೆ ಅಡ್ಡಡ್ಡ ಜಾರಿಕೊಂಡು ಹೋಗುವಾಗ ಹಿಂದಿನ ಚಕ್ರ ಎರಚಿದ್ದೆಲ್ಲ ಬೇಲಿ ದಾಟಿ ನಮ್ಮ ಮುಖಕ್ಕೆ, ಸ್ಪೀಡ್‌ವೇ ಎಂಬ ಈ ಮಣ್ಣಿನ ಬೈಕ್ ಓಟದ ಹುಚ್ಚು ಹಿಡಿದವರು ಈ ಮಣ್ಣು ತಿನ್ನುವುದಕ್ಕೇ ಇಲ್ಲಿ ಬಂದು ನಿಲ್ಲುತ್ತಾರೆ — ನಾನೂ ನಿಂತಿದ್ದೇನೆ, ಇಂಗ್ಲೆಂಡಿನ ಪೂರ್ವದಂಚಿನ ಸಫೋಕ್‌ನಿಂದ ವ್ಯಾನಿನಲ್ಲಿ ಈ ಉತ್ತರದ ಊರಿಗೆ ಬಂದವಳು, ಇಲ್ಲಿ ಯಾರಿಗೂ ನನ್ನ ಗುರುತಿಲ್ಲ, ಪಕ್ಕದಲ್ಲಿ ಮಾಂಸದ ಪೈ ಮುಕ್ಕುತ್ತ ನಿಂತಿರುವ ಈ ಕ್ಲಿಫರ್ಡ್ ಎಂಬ ಬಾಯಿಬಡುಕನಿಗಂತೂ ಇಲ್ಲವೇ ಇಲ್ಲ, ಇದ್ದಿದ್ದರೆ ನೀಲಿ ಹೆಲ್ಮೆಟ್ಟಿನ ಆ ಹುಡುಗನನ್ನು ಅವನ ಹೆತ್ತ ತಾಯಿಯ ಕಿವಿಯ ಪಕ್ಕದಲ್ಲೇ ಹೀಗೆ ಆಡಿಕೊಳ್ಳುತ್ತಿದ್ದನೇ, ಅವನ ಆಚೆ ಪಕ್ಕ ನಿಂತ ಹೆಂಗಸಿಗೆ ಹೇಳುತ್ತಾನೆ — ನೋಡ್ದ್ಯಾ ಡೋರೀನ್, ಆ ತರ್ಟಲ್ ಮತ್ತೆ ಮೂರನೇದು, ತಿರುವು ಬಂತು ಅಂದ್ರೆ ಎಕ್ಸಲರೇಟರ್ ಸಡ್ಲ ಬಿಡ್ತಾನೆ, ಪುಕ್ಕಲ, ನಮ್ ಬ್ರಿಟಿಷ್ ಹುಡುಗ್ರದ್ದೆಲ್ಲ ಇದೇ ಹಣೆಬರಹ, ಮನೇಲಿ ಹುಲಿ ಬೀದೀಲಿ ಇಲಿ, ಪೋಲೆಂಡಿಗೆ ಹೋದ್ರೆ ಮಣ್ಣು ಆಳ ಜಾಸ್ತಿ ಅಂತಾರೆ, ಡೆನ್ಮಾರ್ಕಿಗೆ ಹೋದ್ರೆ ಮಣ್ಣೇ ಇಲ್ಲ ಅಂತಾರೆ, ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ. ಅವನ ಬಾಯಿಂದ ಪೈ ಚೂರು ಹಾರಿ ನನ್ನ ತೋಳಿನ ಮೇಲೆ ಬಿತ್ತು. ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ, ನಿಜವೇ, ಮಾಂಸದ ಅಂಗಡಿಯವಳು ನಾನು, ಎಷ್ಟು ಎತ್ತಿನ ನಾಲಿಗೆ ಕೊಯ್ದಿಲ್ಲ, ಬುಡದಲ್ಲಿ ಹಿಡಿದು ಕತ್ತಿಯನ್ನು ಓರೆ ಮಾಡಿ ಒಂದೇ ಎಳೆತ, ಇವನದ್ದಾದರೆ ಅಷ್ಟೂ ಬೇಡ, ಕೊಬ್ಬೇ ಇದೆ, ಬೆರಳಲ್ಲೇ ಕಿತ್ತು ಬರುತ್ತದೆ — ಹಿಂದಿನ ಮೆಟ್ಟಿಲಿನಿಂದ ಯಾರೋ ಮುದುಕ, ಹುಡುಗ್ರನ್ನ ಯಾಕಯ್ಯಾ ಬೈತೀಯ, ಇರೋಬರೋ ಟ್ರ್ಯಾಕ್ ಎಲ್ಲ ಮುಚ್ಚಿ ಸೂಪರ್‌ಮಾರ್ಕೆಟ್ ಕಟ್ಟಿದ್ರು, ಅವ್ರು ಕಲಿಯೋದಾದ್ರೂ ಎಲ್ಲಿ, ತರಕಾರಿ ಸಾಲಿನಲ್ಲಾ? ಜನ ನಕ್ಕರು. ಕ್ಲಿಫರ್ಡ್ ನಗಲಿಲ್ಲ, ತರ್ಕಾರಿ ಸಾಲಿಗೇ ಲಾಯಕ್ಕು ಅವ್ನು, ಆ ಡೆನ್ಮಾರ್ಕಿನ ಡೇನ್‌ಗಳನ್ನ ನೋಡು, ಹೆಗಲೆಲುಬು ಮುರಿದ್ರೂ ಬೈಕ್ ಹತ್ತುತ್ತಾರೆ, ನಮ್ಮೋರು ಬೆರಳಿಗೆ ಬೊಬ್ಬೆ ಎದ್ರೆ ಅಮ್ಮನ್ ಹತ್ರ ಓಡ್ತಾರೆ.

ಅಮ್ಮನ ಹತ್ತಿರ ಓಡಿ ಬಂದ, ಹೌದು ಕಣೋ ಹಂದಿ, ಬಂದ, ಬೊಬ್ಬೆ ಎದ್ದು ಅಲ್ಲ, ಹೋದ ವಾರ ನಮ್ಮೂರ ಟ್ರ್ಯಾಕಿನಲ್ಲಿ ಬಿದ್ದಾಗ ಹಿಂದೆ ಬಂದವನ ಚಕ್ರ ಅವನ ಬಲಗೈ ಮಣಿಕಟ್ಟಿನ ಮೇಲೆಯೇ ಹತ್ತಿ ಇಳಿಯಿತು, ಹೆಬ್ಬೆರಳ ಬುಡದ ಎಲುಬು ಎರಡಾಗಿದೆ ಎಂದು ಡಾಕ್ಟರು ಎಕ್ಸ್‌ರೇ ಫಿಲಂ ಹಿಡಿದು ತೋರಿಸಿದರು, ಮೊಣಕೈವರೆಗೆ ಪ್ಲಾಸ್ಟರು ಹಾಕಿದರು, ಮಾರನೆಯ ದಿನವೇ ಫೋನು ಬಂತು, ಬ್ರಿಟನ್ ತಂಡಕ್ಕೆ ಡೇಲ್ ತರ್ಟಲ್, ಡೆನ್ಮಾರ್ಕಿನ ಎದುರು — ಮೊದಲ ಸಲ, ಎದೆಯ ಮೇಲೆ ದೇಶದ ಬಾವುಟ, ಆ ದಿನ ಅವನು ಮೆಟ್ಟಿಲ ಮೇಲೆ ಕೂತು ಪ್ಲಾಸ್ಟರಿನ ಕೈಯನ್ನು ಗೋಡೆಗೆ ಬಡಿದು ಬಡಿದು ಅತ್ತ. ಹೋಗಲ್ಲ ಅಂತ ಹೇಳ್ಬಿಡಲಾ ಅಮ್ಮಾ? ಆಗ ಹೇಳಿಬಿಡು ಎನ್ನಬೇಕಿತ್ತು ನಾನು, ನನ್ನ ಬಾಯಿಗೆ ಬಂದದ್ದು ಅವನಪ್ಪನ ಹೆಸರು. ನಿಮ್ಮಪ್ಪ ಒಂದು ಸಲ ಹೋಗಲ್ಲ ಅಂದ, ಜ್ಞಾಪಕ ಇದೆಯಾ? ಲೆನ್, ನನ್ನ ಗಂಡ, ಅವನೂ ಸವಾರನೇ, ಬೆನ್ನುನೋವು ಎಂದು ಒಂದು ಪಂದ್ಯ ಬಿಟ್ಟದ್ದಕ್ಕೆ ಊರೆಲ್ಲ ಹೇಡಿ ಲೆನ್ ಎಂದಿತು, ಮಾಂಸ ಕೊಳ್ಳಲು ಬಂದವರೂ ಎಂದರು, ನನ್ನ ಮುಂದೆಯೇ, ಚಿಲ್ಲರೆ ಎಣಿಸಿಕೊಳ್ಳುತ್ತ, ಆಮೇಲೆ ಅವನು ಬೈಕು ಮಾರಿ ಕುಡಿತಕ್ಕೆ ಬಿದ್ದ, ಕುಡಿದೇ ಸತ್ತ, ಹೆಣದ ಪೆಟ್ಟಿಗೆ ಹೊತ್ತವರಲ್ಲಿ ಇಬ್ಬರು ಅದೇ ಬಾಯಿಬಡುಕರು. ನನ್ನ ಮಗನನ್ನು ಅವರ ಬಾಯಿಗೆ ಹಾಕಲಾರೆ ಎಂದುಕೊಂಡೆ, ಅಷ್ಟೇ ನಾನು ಅಂದುಕೊಂಡದ್ದು. ಇವತ್ತು ಬೆಳಿಗ್ಗೆ ವ್ಯಾನಿನೊಳಗೆ, ಬಾಗಿಲು ಹಾಕಿಕೊಂಡು, ಅಂಗಡಿಯ ಎಲುಬು ಕೊಯ್ಯುವ ಗರಗಸದಿಂದ ಪ್ಲಾಸ್ಟರನ್ನು ಸೀಳಿದೆ, ಒಳಗಿನ ಕೈ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಬೆರಳು ಮಡಚೋಕೇ ಆಗ್ತಿಲ್ಲಮ್ಮಾ, ಹಿಡಿತ ನಿಲ್ತಿಲ್ಲ, ಟೇಪ್ ಸುತ್ತು. ಟೇಪು ಬೆವರಿಗೆ ಜಾರುತ್ತೆ ಮಗಾ, ಕೊಡು ಇಲ್ಲಿ ಗ್ಲೌಸು. ದಬ್ಬಣ ತೆಗೆದೆ, ತೊಡೆಮಾಂಸ ಸುತ್ತಿ ಕಟ್ಟುವ ಮೇಣದ ಹುರಿ ಪೋಣಿಸಿದೆ, ಬಲಗೈ ಗ್ಲೌಸಿನ ನಾಲ್ಕು ಬೆರಳ ತುದಿಗಳನ್ನೂ ಅಂಗೈಗೆ ತಂದು ಹೊಲಿದೆ, ಚರ್ಮ ದಪ್ಪ, ದಬ್ಬಣದ ಹಿಂಭಾಗ ನನ್ನ ಹೆಬ್ಬೆರಳಿಗೇ ನಾಟಿತು, ರಕ್ತ ಒರೆಸಿಕೊಂಡು ಮತ್ತೆ ಹೊಲಿದೆ, ಈಗ ಅದು ಗ್ಲೌಸಲ್ಲ, ಮುಚ್ಚಿದ ಮುಷ್ಟಿ, ಬೈಕು ಹತ್ತಿದ ಮೇಲೆ ಹ್ಯಾಂಡಲಿನ ತುದಿಯಿಂದ ಒಳಗೆ ತೂರಿಸಿದರೆ ಸಾಕು, ಉಡದ ಹಿಡಿತ, ನೋವಿಗೆ ಕೈ ಬಿಡಬೇಕೆಂದರೂ ಬಿಡಲಾಗದು, ಇಳಿಯುವಾಗ ನಿಧಾನ ಪಕ್ಕಕ್ಕೆ ಎಳೆದುಕೊಳ್ಳಬೇಕು. ಅವನು ತೂರಿಸಿ ನೋಡಿದ, ಎಕ್ಸಲರೇಟರ್ ತಿರುಗಿಸಿದ, ಚೀರಿದ, ಆಮೇಲೆ ನಕ್ಕ, ಹಂದಿತೊಡೆ ಕಟ್ಟಿದ್ ಹಾಗೆ ಕಟ್ಟಿದ್ದೀಯಲ್ಲಮ್ಮಾ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ನೀನು ಬೈಕ್ ನಿಲ್ಸೋ ಕಡೆ ಬರ್ಬೇಡ, ನಿನ್ ಮುಖ ನೋಡಿದ್ರೆ ಡಾಕ್ಟರಿಗೆ ಎಲ್ಲ ಗೊತ್ತಾಗುತ್ತೆ, ಜನದ ಜೊತೆ ಹೋಗಿ ನಿಂತ್ಕೋ. ಬಂದು ನಿಂತೆ.

ಅಂಕ ಸಮ, ಮೈಕಿನಲ್ಲಿ ಕೂಗುತ್ತಿದ್ದಾರೆ, ಕೊನೆಯ ಓಟ, ಇದರಲ್ಲಿ ಯಾರು ಮುಂದೋ ಪಂದ್ಯ ಅವರದು, ನಮ್ಮವರಿಬ್ಬರು ಕೆಂಪು ನೀಲಿ, ಡೇನರು ಬಿಳಿ ಹಳದಿ, ನೀಲಿ ಅಂದರೆ ನನ್ನವನು — ಅಯ್ಯಯ್ಯೋ, ಮತ್ತೆ ಅದೇ ತರ್ಟಲ್‌ನ ಇಳಿಸ್ತಿದ್ದಾರಲ್ಲ, ಮ್ಯಾನೇಜರಿಗೆ ತಲೆ ಕೆಟ್ಟಿದ್ಯಾ? ಕ್ಲಿಫರ್ಡ್ ಬೇಲಿಗೆ ಒದೆಯುತ್ತಾನೆ, ಏಯ್ ಪುಕ್ಕಲಾ, ಮನೆಗ್ ಹೋಗೋ! ನಾಲ್ಕು ಜನ ಜೊತೆಗೂಡುತ್ತಾರೆ, ಮನೆಗ್ ಹೋಗೋ, ಮನೆಗ್ ಹೋಗೋ, ತಿರುಗಿ ಹೇಳಿಬಿಡಲೇ, ಎಲುಬು ಮುರಿದ ಕೈಯಲ್ಲಿ ಓಡಿಸುತ್ತಿದ್ದಾನೆ ಕಣ್ರೋ ಲಫಂಗರಾ, ನಿಮ್ಮ ಡೇನರಿಗೇ ಅಪ್ಪ ಅವನು — ಹೇಳಿದರೆ ಮೂರು ಜನರ ಬಾಯಿ ದಾಟಿ ರೆಫರಿಯ ಕಿವಿಗೆ ಬೀಳುತ್ತದೆ, ಇಳಿಸಿಬಿಡುತ್ತಾರೆ. ಡೋರೀನ್ ಅವನ ಹೊಸ ಗೆಳತಿ ಇರಬೇಕು, ಇವತ್ತೇ ಮೊದಲು ನೋಡುವುದಂತೆ, ಕೇಳುತ್ತಾಳೆ, ಅಲ್ಲ ಕ್ಲಿಫ್, ಈ ಬೈಕಿಗೆ ಬ್ರೇಕೇ ಇಲ್ಲ ಅಂತೀಯ, ಬಿದ್ರೆ ಗತಿ ಏನು? ಅವನು ಗಡ್ಡ ಒರೆಸಿಕೊಂಡು ಮೇಷ್ಟ್ರಂತೆ ಶುರು ಮಾಡುತ್ತಾನೆ, ನೋಡು, ಬಲಗೈ ಮಣಿಕಟ್ಟಿಗೂ ಎಂಜಿನ್ನಿಗೂ ಒಂದು ಹಗ್ಗ ಕಟ್ಟಿರ್ತಾರೆ, ಬಿದ್ದ ಅಂದ್ರೆ ಮೈ ಆ ಕಡೆ ಬೈಕ್ ಈ ಕಡೆ, ಹಗ್ಗ ಎಳೀತು, ಪಟ್ ಅಂತ ಎಂಜಿನ್ ಸತ್ತೋಯ್ತು, ಅದೊಂದು ಇಲ್ದೇ ಇದ್ರೆ ಬೈಕ್ ಮೈಮೇಲೆ ಹತ್ತಿ ಜಗಿದು ಹಾಕಿಬಿಡುತ್ತೆ. ಗೊತ್ತು, ನನಗೆ ಗೊತ್ತಿಲ್ಲವೇ, ಒಂಬತ್ತು ವರ್ಷದ ಹುಡುಗನಾಗಿದ್ದಾಗಿಂದ ಆ ಹಗ್ಗವನ್ನು ನಾನೇ ಕಟ್ಟಿದ್ದು, ಇವತ್ತೂ ವ್ಯಾನಿನಲ್ಲೇ ಅವನ ಮಣಿಕಟ್ಟಿಗೆ ನಾನೇ ಕಟ್ಟಿದೆ, ಗಂಟನ್ನು ಎರಡು ಸಲ ಎಳೆದು ನೋಡಿದೆ — ಮೈ ಆ ಕಡೆ ಬೈಕು ಈ ಕಡೆ. ಮೈ ಆ ಕಡೆ ಹೋಗುವುದು ಹೇಗೆ. ಕೈಯನ್ನು ಹ್ಯಾಂಡಲಿಗೆ ಹೊಲಿದಿದ್ದೇನಲ್ಲ. ಕೈ ಬಿಡದಿದ್ದರೆ ಹಗ್ಗ ಎಳೆಯುವುದಿಲ್ಲ, ಹಗ್ಗ ಎಳೆಯದಿದ್ದರೆ ಎಂಜಿನ್ ಸಾಯುವುದಿಲ್ಲ, ಅಯ್ಯೋ ಗ್ಲೆಂಡಾ, ಅಯ್ಯೋ ಹಾಳಾದವಳೇ, ದಬ್ಬಣ ಹಿಡಿದಾಗ ನಿನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು.

ನಿಲ್ಲಿಸಿ! ಬೇಲಿಯ ಮೇಲೆ ಅರ್ಧ ಹತ್ತಿದ್ದೇನೆ, ಟ್ರ್ಯಾಕಿನ ಒಳಗೆ ಹುಲ್ಲಿನ ಮೇಲೆ ಬಾವುಟ ಹಿಡಿದು ನಿಂತವನಿಗೆ ಕೈ ಬೀಸುತ್ತೇನೆ, ಅವನ ಕಿವಿಯಲ್ಲಿ ಹತ್ತಿ, ನಾಲ್ಕು ಎಂಜಿನ್ನು ಒಟ್ಟಿಗೆ ಊಳಿಡುತ್ತಿವೆ, ನಿಲ್ಲಿಸ್ರೋ, ನಿಲ್ಲಿಸಿ — ಯಾವನೋ ಹಿಂದಿನಿಂದ ನನ್ನ ಕೋಟು ಹಿಡಿದು ಎಳೆಯುತ್ತಾನೆ, ಏ ತಾಯೀ, ಇಳಿಯಮ್ಮಾ ಕೆಳಗೆ, ನಮಗೂ ಕಾಣ್ಬೇಕಲ್ಲ, ಆ ಪುಕ್ಕಲನ್ನ ನೋಡೋಕೆ ಇಷ್ಟೊಂದು ಆತುರಾನಾ? ಕ್ಲಿಫರ್ಡ್. ಥರ್ಮಾಸು ಕೈಯಲ್ಲೇ ಇತ್ತು, ತಿರುಗಿದ ರಭಸದಲ್ಲೇ ಅವನ ಮೂಗಿನ ಮೇಲೆ ಇಳಿಸಿದೆ, ಎಲುಬು ಮುರಿಯುವ ಸದ್ದು ನನಗೆ ದಿನಾ ಕೇಳುವ ಸದ್ದು, ಕೇಳಿಸಿತು, ಹಿತವಾಯಿತು, ಇನ್ನೊಂದು ಇಳಿಸಿದೆ, ಲೆನ್‌ಗೆ, ಲೆನ್‌ನ ಪೆಟ್ಟಿಗೆಗೆ, ಚಿಲ್ಲರೆ ಎಣಿಸಿದ ಆ ಎಲ್ಲ ಕೈಗಳಿಗೆ, ಅವನ ಬಾಯಿ ಗಡ್ಡವೆಲ್ಲ ರಕ್ತ, ಡೋರೀನ್ ಪೊಲೀಸ್ ಪೊಲೀಸ್ ಎಂದು ಕಿರುಚುತ್ತಾಳೆ, ಅಷ್ಟರಲ್ಲಿ ಸವಾರರ ಮುಂದೆ ಅಡ್ಡ ಕಟ್ಟಿದ್ದ ಪಟ್ಟಿ ಮೇಲಕ್ಕೆ ಹಾರಿತು, ಓಟ ಶುರು, ಮೂಗು ಹಿಡಿದುಕೊಂಡವನೂ ಟ್ರ್ಯಾಕಿನ ಕಡೆಗೇ ತಿರುಗಿದ, ಡೋರೀನಳ ಕೂಗು ನಿಂತಿತು, ಎಲ್ಲರೂ ತಿರುಗಿದರು, ನಾನೂ. ಮೊದಲ ತಿರುವಿಗೆ ಬಿಳಿ ಮುಂದೆ, ಕೆಂಪು, ಹಳದಿ, ನನ್ನ ನೀಲಿ ಹಿಂದೆ, ಹಿಂದೆಯೇ ಇರು ಮಗನೇ, ಬೇಲಿಗೆ ದೂರ ಇರು, ನಿಧಾನ — ಅವನು ನಿಧಾನಿಸಲಿಲ್ಲ, ಎರಡನೇ ತಿರುವಿನಲ್ಲಿ ಎಲ್ಲರೂ ಒಳಗೆ ಮುದುಡಿಕೊಂಡಾಗ ಅವನೊಬ್ಬನೇ ಹೊರಗಡೆಯಿಂದ, ದಪ್ಪ ಮಣ್ಣಿನ ಮೇಲೆ, ನನ್ನ ಮುಂದೆಯೇ ಬೇಲಿ ಸವರಿಕೊಂಡು ಬಂದ, ಹಳದಿಯನ್ನು ದಾಟಿದ, ಕೈ ಸಡಿಲ ಬಿಡಲಿಲ್ಲ, ಬಿಡುವುದಾದರೂ ಹೇಗೆ, ಮುಖಕ್ಕೆ ರಪ್ಪೆಂದು ಮಣ್ಣು ಬಡಿಯಿತು. ಎರಡನೇ ಸುತ್ತಿನಲ್ಲಿ ಕೆಂಪನ್ನು ದಾಟಿದ. ಜನ ಎದ್ದರು, ಮನೆಗೆ ಹೋಗೋ ಎಂದವರೇ ಎದ್ದರು, ತರ್ಟಲ್! ತರ್ಟಲ್! ನನ್ನ ಗಂಡನ ಹೆಸರು, ನನ್ನ ಅಂಗಡಿಯ ಹಲಗೆಯ ಮೇಲಿನ ಹೆಸರು, ಸಾವಿರ ಬಾಯಿಯಲ್ಲಿ, ಬಾವುಟದವನು ನನ್ನ ಕಡೆ ಈಗ ನೋಡಿದ, ಹೌದು, ನೋಡಿದ, ಏನಮ್ಮಾ ಎಂದು ಕೈ ಆಡಿಸಿದ, ಈಗ ಕೂಗು ಗ್ಲೆಂಡಾ, ನಿಲ್ಲಿಸಿ ಎನ್ನು, ಒಂದೇ ಮಾತು, ಅವನು ಕೆಂಪು ಬಾವುಟ ಎತ್ತುತ್ತಾನೆ, ಮಗ ಬದುಕುತ್ತಾನೆ — ಬಾಯಿ ತೆರೆದೆ, ದೇವರಾಣೆ ನಿಲ್ಲಿಸಿ ಅನ್ನಲೆಂದೇ ತೆರೆದೆ, ಹೊರಗೆ ಬಂದದ್ದು ನುಗ್ಗು, ನುಗ್ಗು ಮಗನೇ, ಹೊಡಿ, ಆ ಬಿಳಿಯವನನ್ನು ಬೇಲಿಗೆ ಹಾಕಿ ಅರೆ, ನುಗ್ಗು! ಬಾವುಟದವನು ನಕ್ಕು ಆಚೆ ತಿರುಗಿಕೊಂಡ.

ಮೂರನೇ ಸುತ್ತು ಕೂಗುತ್ತಲೇ ಇದ್ದೆ, ಕೊನೆಯ ಸುತ್ತಿಗೂ ಕೂಗುತ್ತಲೇ ಇದ್ದೆ, ಗಂಟಲಲ್ಲಿ ರಕ್ತದ ರುಚಿ, ಎರಡನೇ ತಿರುವಿಗೆ ಬಿಳಿ ನೀಲಿ ಎರಡೂ ಒಂದೇ ಗೆರೆಯಲ್ಲಿ, ಭುಜಕ್ಕೆ ಭುಜ, ಡೇನನ ಹಿಂದಿನ ಚಕ್ರ ಇವನ ಮುಂದಿನದಕ್ಕೆ ತಗುಲಿತು, ಅಷ್ಟೇ, ಡೇನ್ ಆ ಕಡೆ ಹಾರಿದ, ಹಗ್ಗ ಎಳೆಯಿತು, ಅವನ ಎಂಜಿನ್ ಪಟ್ ಎಂದು ಸತ್ತಿತು, ಹುಲ್ಲಿನ ಮೇಲೆ ಎರಡು ಉರುಳು ಉರುಳಿ ಎದ್ದು ಕೂತ, ಹಾಗೇ ಆಗಬೇಕಾದ್ದು, ನನ್ನವನಿಗೂ ಹಾಗೇ ಆಗಬೇಕಿತ್ತು, ನನ್ನವನು ಹಾರಲಿಲ್ಲ, ಬೈಕು ಅವನನ್ನು ಎಳೆದುಕೊಂಡೇ ಬಂತು, ಕಾಲು ಮೇಲೆ ತಲೆ ಕೆಳಗೆ, ಎಂಜಿನ್ ಕಿರುಚುತ್ತ, ಬೈಕಿನ ಕೆಳಗೆ ಅವನು ಅವನ ಕೆಳಗೆ ಬೈಕು, ನನ್ನಿಂದ ಹತ್ತಡಿ ದೂರದಲ್ಲಿ ಗಾಳಿ ತುಂಬಿದ ಬೇಲಿದಿಂಬಿನೊಳಗೆ ನುಗ್ಗಿ ಹ್ಯಾಂಡಲ್ ಮೇಲಾಗಿ ಸಿಕ್ಕಿಕೊಂಡಿತು, ಹಿಂದಿನ ಚಕ್ರ ಇನ್ನೂ ತಿರುಗುತ್ತಿದೆ, ಅವನ ಬೆನ್ನಿನ ಚರ್ಮದಂಗಿ ಚಿಂದಿ, ಬಾವುಟದವನು ಓಡಿ ಬಂದು ಹಗ್ಗ ಹುಡುಕಿ ಎಳೆದ, ಸದ್ದು ನಿಂತಿತು, ಆಗ ಕಂಡಿತು ಆ ಕೈ, ಬಲಗೈ, ಹ್ಯಾಂಡಲಿನ ಜೊತೆ ಮೇಲಕ್ಕೆ, ಬಿಗಿದ ಮುಷ್ಟಿ, ಆಕಾಶಕ್ಕೆ. ಕೈ ಎತ್ತಿದ! ಯಾರೋ ಕೂಗಿದರು. ಕೈ ಎತ್ತಿದ ನೋಡ್ರೋ, ಏನೂ ಆಗಿಲ್ಲ ಹುಡುಗನಿಗೆ! ಚಪ್ಪಾಳೆ ಆ ಕಡೆಯ ಮೆಟ್ಟಿಲಿನಿಂದ ಶುರುವಾಗಿ ಸುತ್ತಿ ಸುತ್ತಿ ಬರುತ್ತಿದೆ, ಕ್ಲಿಫರ್ಡ್ ರಕ್ತದ ಕೈಯಲ್ಲೇ ತಟ್ಟುತ್ತಿದ್ದಾನೆ, ಅಳುತ್ತಿದ್ದಾನೆ ಮುಠ್ಠಾಳ, ಗಂಡು ಕಣೇ ಡೋರೀನ್, ಗಂಡು ಅಂದ್ರೆ ಇವ್ನು, ನಾನು ಸುಮ್‌ಸುಮ್ನೆ ಬೈದೆ, ಮುಷ್ಟಿ ನೋಡು, ಇನ್ನೂ ಇಳಿಸಿಲ್ಲ. ಇಳಿಸಿಲ್ಲ. ಸೋತವನ ಕೈ ಕೆಳಗೆ ಬೀಳುತ್ತದೆ, ಸತ್ತವನದು ಬಿಚ್ಚಿಕೊಳ್ಳುತ್ತದೆ, ನೋವಾದವನದು ನಡುಗುತ್ತದೆ, ಇದು ಬೀಳುವುದಿಲ್ಲ, ಬಿಚ್ಚಿಕೊಳ್ಳುವುದಿಲ್ಲ, ನಡುಗುತ್ತಿಲ್ಲ, ಏನಾಗಿದೆ ಎಂದು ತಿಳಿಯಲು ಒಂದು ಬೆರಳನ್ನಾದರೂ ಬಿಟ್ಟಿದ್ದೇನೆಯೇ ನಾನು, ನಾಲ್ಕನ್ನೂ ಹೊಲಿದಿದ್ದೇನೆ, ಡಾಕ್ಟರು ಅವನ ಮೇಲೆ ಬಾಗಿದ್ದಾರೆ, ಬಾಗಿದವರು ಏಳುತ್ತಿಲ್ಲ, ಜನ ಹೆಸರು ಕೂಗುತ್ತಿದ್ದಾರೆ, ತರ್ಟಲ್, ತರ್ಟಲ್, ಮುಷ್ಟಿ ಮೇಲೆ, ಚಪ್ಪಾಳೆ, ಮುಷ್ಟಿ ಮೇಲೆ, ಇಳಿಸು ಮಗನೇ, ಸಾಕು, ಇಳಿಸು, ಮುಷ್ಟಿ ಮೇಲೆಯೇ