ರಜಾಕಾರರ ಗಲಾಟೆಯ ವರ್ಷ ಹುಟ್ಟಿದವನು

ಓಟಕ್ಕೆ ಯಾವ ವಯಸ್ಸು ಸರಿ ಎಂದು ಹೇಳುತ್ತಿದ್ದವನು ಯಾರು? ಜೀಪಿನಿಂದ ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಏದುಸಿರು ಬಿಡುವ ಕ್ರೀಡಾ ಸಂಘದ ಸೆಕ್ರೆಟರಿ! ದೂರದ ಓಟಗಾರ ಇಪ್ಪತ್ತೈದಕ್ಕೆ ಮಾಗುತ್ತಾನೆ, ಮೂವತ್ತು ದಾಟಿದವನು ಮನೆ ಕಾಯಬೇಕು ಎಂಬುದು ಅವನ ಶಾಸ್ತ್ರ. ಎಲ್ಲೋ ಓದಿದ್ದನಂತೆ. ಓದಿದ್ದೆಲ್ಲ ಹೊಟ್ಟೆಗೆ ಸೇರಿತ್ತು, ತಲೆಗಲ್ಲ.

೧೯೮೧ರಲ್ಲಿ ಮಾನ್ವಿಯಿಂದ ರಾಯಚೂರಿಗೆ ಓಟ ಇಟ್ಟರು. ಗೆದ್ದವನು ಜಿಲ್ಲೆಯ ಪರವಾಗಿ ಬೆಂಗಳೂರಿಗೆ. ಗುಂಜಹಳ್ಳಿಯ ಕುರಿಗಾರ ದುರುಗಪ್ಪನಿಗೆ ಇದ್ದದ್ದು ಅದೊಂದೇ ಆಸೆ. ವಯಸ್ಸು ಕೇಳಿದಾಗ ನಮ್ಮ ಕಡೆಯವರು ಹೇಳುವ ಹಾಗೆಯೇ ಹೇಳಿದ: "ರಜಾಕಾರರ ಗಲಾಟಿ ವರ್ಷ ಹುಟ್ಟೀನ್ರೀ." ಸೆಕ್ರೆಟರಿ, ಅಂದರೆ ನಿಜಾಮನ ಕಾಲದ ನಲವತ್ತೆಂಟನೇ ಇಸವಿ ಎಂದು ಬೆರಳು ಮಡಿಚಿ, ಮೂವತ್ಮೂರು ಎಂದು ನಕ್ಕ. ಓಡಲಿ ಬಿಡಿ, ಹುಡುಗರ ಹಿಂದೆ ಧೂಳು ತಿನ್ನಲಿ ಎಂದ.

ದುರುಗಪ್ಪ ಹುಡುಗರ ಸಾಲಿನಲ್ಲಿ ಹೋಗಿ ನಿಂತ. ಇಪ್ಪತ್ತರಲ್ಲಿ ತಾನೂ ಹುಚ್ಚುಹುಚ್ಚಾಗಿ ಓಡಿ ಅರ್ಧ ದಾರಿಯಲ್ಲಿ ಕುಸಿದವನೇ. ಉಸಿರು ಅವನ ಮಾತು ಕೇಳತೊಡಗಿದ್ದು ಮೂವತ್ತರ ಮೇಲೆ. ಕಲ್ಲೂರು ಬರುವಷ್ಟರಲ್ಲಿ ಸೆಕ್ರೆಟರಿಯ ಮಾಗಿದ ಹಣ್ಣುಗಳು ಒಂದೊಂದೇ ಉದುರಿದವು. ಸೆಕ್ರೆಟರಿಯ ಅಕ್ಕನ ಮಗನಂತೂ ಬೇವಿನ ಗಿಡ ಹಿಡಿದು ವಾಂತಿ ಮಾಡಿದ. ದುರುಗಪ್ಪ ರಾಯಚೂರು ಮುಟ್ಟಿ, ನೀರು ಕುಡಿದು, ಬೆವರು ಆರಿಸಿಕೊಂಡ ಮೇಲೆ ಎರಡನೆಯವನಾಗಿ ಕುಂಟುತ್ತಾ ಬಂದವನು ಆ ಅಕ್ಕನ ಮಗನೇ.

ಸೆಕ್ರೆಟರಿಗೆ ಪೇಚಾಟ. ಜನರ ಕಣ್ಣೆದುರು ಗೆದ್ದವನನ್ನು ಬಿಡುವಂತಿಲ್ಲ. ಮೂವತ್ಮೂರರವನನ್ನು ಕಳಿಸಿದರೆ ಶಾಸ್ತ್ರ ಮುಳುಗುತ್ತದೆ. ದುರುಗಪ್ಪನ ಹೆಗಲ ಮೇಲೆ ಕೈ ಹಾಕಿ ಬೆಲ್ಲದಂಥ ದನಿಯಲ್ಲಿ, ಇಪ್ಪತ್ತೈದು ಅಂದುಬಿಡು, ಈ ಸೀಮೆಯಲ್ಲಿ ಎಲ್ಲರೂ ಮೇಷ್ಟ್ರು ಬರೆದ ಜೂನ್ ಒಂದರಂದೇ ಹುಟ್ಟಿದವರು, ಯಾರು ಕೇಳುತ್ತಾರೆ ಎಂದ.

ದುರುಗಪ್ಪನಿಗೆ ಬೆಂಗಳೂರು ಬೇಕಿತ್ತು. 'ಹೂಂ' ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹುಟ್ಟಿದ ಆ ವರ್ಷ ಅವನೊಬ್ಬನದಲ್ಲ. ಹೆರಿಗೆಗೆಂದು ತವರು ದೇವದುರ್ಗಕ್ಕೆ ಹೋಗಿದ್ದ ಅವ್ವ ಕರೆಮ್ಮ, ಗಲಾಟೆಯಲ್ಲಿ ಮನೆಗೆ ಬೆಂಕಿ ಬಿದ್ದಾಗ, ತುಂಬಿದ ಬಸುರಿ, ಮಾನ್ವಿವರೆಗೆ ಓಡಿದ್ದಳು. ಅಲ್ಲಿ ಸುಗ್ರಾ ಬೇಗಂ ಎಂಬ ಪುಣ್ಯಾತ್ಗಿತ್ತಿಯ ಪಡಸಾಲೆಯಲ್ಲಿ ಇವನನ್ನು ಹೆತ್ತಿದ್ದಳು.

ಹೆಗಲ ಮೇಲಿನ ಕೈಯನ್ನು ದುರುಗಪ್ಪ ಎತ್ತಿ ಕೆಳಗಿಟ್ಟ.

"ಎಂಟು ವರ್ಷ ತಗದ್ರ, ಅವತ್ತು ನಮ್ಮವ್ವ ಹೊಟ್ಟ್ಯಾಗ ಯಾರನ್ನ ಹೊತ್ಕೊಂಡು ಓಡಿದ್ಲು ಹೇಳ್ರೀ?"

ವಯಸ್ಸು ಮೀರಿದೆ ಎಂದು ದುರುಗಪ್ಪನ ಹೆಸರು ಹೊಡೆದುಹಾಕಿದರು. ಬೆಂಗಳೂರಿಗೆ ಅಕ್ಕನ ಮಗ ಹೋದ. ಸೆಕ್ರೆಟರಿಯೇ ಹಾರ ಹಾಕಿ ಕಳಿಸಿದ. ಥೂ, ಉಗಿಯಲು ನಮ್ಮ ಬಾಯಲ್ಲಿ ಎಂಜಲು ಸಾಲಲಿಲ್ಲ.