ಭಾರದ ಗಾಳಿ

ಕರುಣಾಕರ ನೆಲಮಾಳಿಗೆಗೆ ಇಳಿದದ್ದು ಪಂಪ್ ಚಾಲೂ ಮಾಡಲಿಕ್ಕೆ. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಕೇಬಲ್‌ಗಳು ಹಾದುಹೋಗುವ ಆ ಇಕ್ಕಟ್ಟಾದ ಜಾಗದಲ್ಲಿ ನೀರು ನಿಂತಿತ್ತು. ಪಂಪ್ ಇದ್ದುದು ಮೂಲೆಯ ಗುಂಡಿಯಲ್ಲಿ, ಎಲ್ಲಕ್ಕಿಂತ ತಗ್ಗಿನಲ್ಲಿ.

ನಂದಿಕೂರಿನ ಕಡೆ ಒಂದು ಖಾಸಗಿ ಕಾರ್ಖಾನೆಯ ಸಬ್‌ಸ್ಟೇಷನ್ ಅದು. ಬೆಳಗಿನ ಪಾಳಿಯ ಇಂಜಿನಿಯರ್ ವಿಲ್ಮಾ ಮಥಾಯಸ್, ಕಾರ್ಕಳದ ಕಡೆಯವಳು, ಮದುವೆಯಾಗಿ ಕಾಪುವಿಗೆ ಬಂದವಳು. ಅವಳ ಕೈಕೆಳಗೆ ಇಬ್ಬರು ತಂತ್ರಜ್ಞರು: ಉಚ್ಚಿಲದ ಕರುಣಾಕರ ಮತ್ತು ಅವನ ಹೆಂಡತಿಯ ತಮ್ಮ ಹೂವಪ್ಪ. ಬಾವ ಮೈದುನರು ಒಂದೇ ಬೈಕಿನಲ್ಲಿ ಕೆಲಸಕ್ಕೆ ಬರುತ್ತಿದ್ದರು, ಒಂದೇ ಬುತ್ತಿಯಿಂದ ಊಟ ಮಾಡುತ್ತಿದ್ದರು.

ಸಬ್‌ಸ್ಟೇಷನ್ನಿನ ದೊಡ್ಡ ಸ್ವಿಚ್ಚುಗಳು ಕಬ್ಬಿಣದ ಪೆಟ್ಟಿಗೆಗಳೊಳಗೆ ಇದ್ದವು. ಅವುಗಳಲ್ಲಿ ಕಿಡಿ ಹಾರದಂತೆ ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲವನ್ನು ಒತ್ತಿ ತುಂಬಿಸಿದ್ದರು. ಕೆಲಸದವರ ಬಾಯಲ್ಲಿ ಅದು ಬರೀ ಎಸ್ಎಫ್ ಗ್ಯಾಸ್. ಬಣ್ಣವಿಲ್ಲ, ವಾಸನೆಯಿಲ್ಲ, ವಿಷವೂ ಅಲ್ಲ. ಆದರೆ ಗಾಳಿಗಿಂತ ಐದು ಪಟ್ಟು ಭಾರ. ಸೋರಿದರೆ ನೀರಿನಂತೆ ತಗ್ಗು ಹುಡುಕಿಕೊಂಡು ಹೋಗಿ ನಿಲ್ಲುತ್ತದೆ, ಅಲ್ಲಿದ್ದ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ.

ಮೂರನೆಯ ಪೆಟ್ಟಿಗೆ ಒಂದು ವರ್ಷದಿಂದ ಸೋರುತ್ತಿತ್ತು. ಒತ್ತಡ ಇಳಿದಾಗಲೆಲ್ಲ ಸಿಲಿಂಡರಿನಿಂದ ತುಂಬಿಸುವುದೇ ರಿಪೇರಿಯಾಗಿತ್ತು. ಈ ಅನಿಲವೇ ಬೇಡದ, ಒಣಗಾಳಿ ತುಂಬಿದ ಹೊಸ ಮಾದರಿಯ ಪೆಟ್ಟಿಗೆಗಳು ಬಂದಿವೆ ಎಂದು ವಿಲ್ಮಾ ಮ್ಯಾನೇಜರ್ ರೋಹಿತ್‌ಗೆ ಎರಡು ಸಲ ಹೇಳಿದ್ದಳು.

"ಮಳೆಗಾಲ ಕಳೆಯಲಿ ಮೇಡಂ, ನೋಡುವ," ಎಂದಿದ್ದ ರೋಹಿತ್. "ಈಗ ಎಂತ ತೊಂದರೆ ಉಂಟು? ಯಾರಾದರೂ ಕೆಮ್ಮಿದ್ದಾರಾ?"

ಆ ಬೆಳಿಗ್ಗೆ ಮೂರನೆಯ ಪೆಟ್ಟಿಗೆಯ ಒತ್ತಡ ಪೂರ್ತಿ ಕುಸಿದಿತ್ತು. ಎಚ್ಚರಿಕೆಯ ಗಂಟೆ ಪದೇ ಪದೇ ಬಡಿದು ಕಿರಿಕಿರಿಯಾಗುತ್ತದೆಂದು ಯಾರೋ ಅದರ ವಯರು ಬಿಚ್ಚಿಟ್ಟಿದ್ದರು. ನೆಲಮಾಳಿಗೆಯ ಗಾಳಿ ಎಳೆಯುವ ಫ್ಯಾನ್ ಸುಟ್ಟುಹೋಗಿ ಬೇಸಿಗೆಯಿಂದ ಹಾಗೆಯೇ ಇತ್ತು. ಪಾಳಿ ವಹಿಸಿಕೊಂಡು ವಿಲ್ಮಾ ಪೆಟ್ಟಿಗೆಗಳ ಕಡೆ ನಡೆಯುವಷ್ಟರಲ್ಲಿ ಕರುಣಾಕರ ಟಾರ್ಚ್ ಹಿಡಿದು ಮೆಟ್ಟಿಲಿಳಿದು ಆಗಿತ್ತು. ಹೂವಪ್ಪ ಮೇಲೆ, ಕಬ್ಬಿಣದ ಬಾಗಿಲಿನ ಹತ್ತಿರ, ಪಂಪಿನ ಪೈಪನ್ನು ಹಿಡಿದು ನಿಂತಿದ್ದ.

"ಬಾವ, ನೀರು ಎಷ್ಟು ಉಂಟು?" ಎಂದು ಕೂಗಿದ.

"ಮೊಣಕಾಲಿನವರೆಗೆ ಉಂಟು," ಎಂದು ಕೆಳಗಿನಿಂದ ಉತ್ತರ ಬಂತು.

ಆ ದನಿ ಕರುಣಾಕರನದಾಗಿರಲಿಲ್ಲ. ಅವನದು ತೆಳುವಾದ, ಸ್ವಲ್ಪ ಹೆಣ್ಣಿಗನಂಥ ದನಿ. ಈಗ ಬಂದದ್ದು ಹಂಡೆಯೊಳಗಿನಿಂದ ಬಂದಂಥ, ಎದೆ ನಡುಗಿಸುವ ಗಡಸು ದನಿ. ಹೂವಪ್ಪ ನಕ್ಕುಬಿಟ್ಟ. ಬಾವ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡ.

ಪೆಟ್ಟಿಗೆಗಳ ಕಡೆಯಿಂದ ವಿಲ್ಮಾ ಬಾಗಿಲಿಗೆ ಓಡಿಬಂದಳು. ಭಾರದ ಅನಿಲ ಉಸಿರಿನಲ್ಲಿ ತುಂಬಿದರೆ ಮನುಷ್ಯನ ದನಿ ಹಾಗೆ ತಗ್ಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಕರುಣಾಕರಣ್ಣ, ಮೇಲೆ ಬನ್ನಿ. ಪಂಪ್ ಬಿಡಿ, ಈಗಲೇ ಬನ್ನಿ."

ಕೆಳಗೆ ಏನೋ ನೀರಿಗೆ ಬಿದ್ದ ಸದ್ದಾಯಿತು. ಟಾರ್ಚಿನ ಬೆಳಕು ಗೋಡೆಯ ಮೇಲೊಮ್ಮೆ ಹೊರಳಿ ಆರಿತು.

ಹೂವಪ್ಪ ಪೈಪ್ ಬಿಸಾಡಿ ಮೆಟ್ಟಿಲಿಗೆ ನುಗ್ಗಿದ. ವಿಲ್ಮಾ ಅವನ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆದಳು. ಅವನು ಆಯತಪ್ಪಿ ಬಿದ್ದ. ಅವನು ಏಳುವಷ್ಟರಲ್ಲಿ ಅವಳು ಬಾಗಿಲು ಎಳೆದು, ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಕೆಳಗೆ ಉಸಿರಾಡುವ ಗಾಳಿ ಇಲ್ಲ ಹೂವಪ್ಪ. ಇಳಿದರೆ ನೀವೂ ಅಲ್ಲೇ ಬೀಳ್ತೀರಿ."

"ನನ್ನ ಬಾವ ಇದ್ದಾರೆ ಅಲ್ಲಿ. ಉಸಿರು ಬಿಗಿಹಿಡಿದು ಹೋಗಿ ಎಳೆದು ತರ್ತೇನೆ. ಬಿಡಿ."

"ಅಷ್ಟು ದಪ್ಪದ ಆಳನ್ನು ಹೊತ್ತು ಮೆಟ್ಟಿಲು ಹತ್ತುವಾಗ ಉಸಿರು ತೆಗೆದುಕೊಳ್ಳದೆ ಆಗುವುದಿಲ್ಲ."

ಅವನು ಅವಳ ತೋಳು ಹಿಡಿದು ಜಗ್ಗಿದ. ಅವಳು ಬಾಗಿಲಿನ ಹಿಡಿಕೆ ಬಿಡಲಿಲ್ಲ. ಗೇಟಿನ ಕಾವಲಿನವರು ಇಬ್ಬರು ಓಡಿಬಂದರು. ಅವನನ್ನು ಹಿಡಿಯಿರಿ ಎಂದು ಅವಳು ಅರಚಿದಳು. ಅವರು ಹೂವಪ್ಪನನ್ನು ನೆಲಕ್ಕೆ ಒತ್ತಿ ಹಿಡಿದರು. ಅವನು ಮೊದಲು ಬೈದ, ಆಮೇಲೆ ಬೇಡಿಕೊಂಡ, ಕೊನೆಗೆ ಬಾವನ ಹೆಸರು ಹಿಡಿದು ಕರೆಯತೊಡಗಿದ. ಬಾಗಿಲಿನ ಆಚೆಯಿಂದ ಯಾವ ಸದ್ದೂ ಬರಲಿಲ್ಲ.

ಮುಖಕ್ಕೆ ಹಾಕಿಕೊಳ್ಳುವ ಉಸಿರಿನ ಸಲಕರಣೆ ಸಬ್‌ಸ್ಟೇಷನ್ನಿನಲ್ಲಿ ಇರಲಿಲ್ಲ. ಅಗ್ನಿಶಾಮಕದವರು ಹೆದ್ದಾರಿಯ ಮಳೆಯಲ್ಲಿ ಆದಷ್ಟು ಬೇಗ ಬಂದರು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿದು ಕರುಣಾಕರನನ್ನು ಮೇಲೆ ತಂದರು. ಮುಖದಲ್ಲಿ ಒಂದು ಗಾಯವೂ ಇರಲಿಲ್ಲ. ಮಣಿಪಾಲದ ಆಸ್ಪತ್ರೆಯಲ್ಲಿ ವೈದ್ಯರು ಮಾಡಲಿಕ್ಕೆ ಏನೂ ಉಳಿದಿರಲಿಲ್ಲ.

ತನಿಖೆಗೆ ಬಂದವರು ವಿಲ್ಮಾ ಮಾಡಿದ್ದು ಸರಿ ಎಂದರು. ಬಾಗಿಲು ತೆರೆದಿದ್ದರೆ ಎರಡು ಹೆಣ ಬರುತ್ತಿದ್ದವು ಎಂದು ಅವರಲ್ಲಿ ಹಿರಿಯರೊಬ್ಬರು ಎಲ್ಲರ ಎದುರಿಗೇ ಹೇಳಿದರು. ಆದರೆ ಉಚ್ಚಿಲದ ಅಂಗಡಿಗಳಲ್ಲಿ, ಮೀನಿನ ಮಾರ್ಕೆಟಿನಲ್ಲಿ ಮಾತು ಬೇರೆಯೇ ಇತ್ತು. ಆಳು ಒಳಗಿರುವಾಗಲೇ ಇಂಜಿನಿಯರಮ್ಮ ಹೊರಗಿನಿಂದ ಚಿಲಕ ಹಾಕಿದಳಂತೆ. ಅದು ಸುಳ್ಳೂ ಅಲ್ಲ. ವಿಲ್ಮಾ ಕಾಪುವಿನಲ್ಲಿ ಚರ್ಚಿನ ಮೆಟ್ಟಿಲಿಳಿಯುವಾಗಲೂ ಜನ ಮಾತು ನಿಲ್ಲಿಸುತ್ತಿದ್ದರು.

ಬೊಜ್ಜದ ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ ಅವಳು ಕರುಣಾಕರನ ಹೆಂಡತಿ ಗುಣವತಿಯನ್ನು ನೋಡಲು ಹೋದಳು. ಗುಣವತಿ ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ತಾನು ಬಾಗಿಲಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು.

"ನೀವು ಬಾಗಿಲು ಹಾಕುವಾಗ ಇವರು ಬದುಕಿದ್ದರಾ ಮೇಡಂ?"

ಇಲ್ಲ ಎನ್ನಬೇಕೆಂದು ವಿಲ್ಮಾ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಬಾಯಿಗೆ ಬರಲಿಲ್ಲ.

"ಬದುಕಿದ್ದರು. ಸ್ವಲ್ಪ ಹೊತ್ತು."

ಗುಣವತಿ ತಲೆಯಾಡಿಸಿದಳು. "ತಮ್ಮ ಹೋಗಿದ್ದರೆ ಅವನೂ ಬರುತ್ತಿರಲಿಲ್ಲ ಅಂತ ಎಲ್ಲರೂ ಹೇಳ್ತಾರೆ. ನನಗೆ ಗೊತ್ತಾಗ್ತದೆ. ಅವನನ್ನು ಉಳಿಸಿದ್ದು ನೀವೇ, ಅಲ್ವಾ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆದರೆ ನೀವು ಇನ್ನು ಈ ಮನೆಗೆ ಬರುವುದು ಬೇಡ. ನಿಮ್ಮನ್ನು ನೋಡಿದರೆ ನನಗೆ ಆ ಬಾಗಿಲೇ ಕಾಣ್ತದೆ."

ಸಾವಿನ ನಂತರ ಕಂಪೆನಿಗೆ ಅವಸರ ಬಂತು. ನವೆಂಬರಿಗೆಲ್ಲ ಒಣಗಾಳಿಯ ಹೊಸ ಪೆಟ್ಟಿಗೆಗಳು ಬಂದು ಇಳಿದವು. ಹಳೆಯವನ್ನು ಬಿಚ್ಚುವ ಕೆಲಸ ಒಬ್ಬ ಗುತ್ತಿಗೆದಾರನಿಗೆ ಹೋಯಿತು. ಉಳಿದ ಪೆಟ್ಟಿಗೆಗಳಲ್ಲಿ ಅನಿಲ ಇನ್ನೂ ತುಂಬಿಯೇ ಇತ್ತು. ಅದನ್ನು ಯಂತ್ರದಿಂದ ಎಳೆದು ಸಿಲಿಂಡರಿಗೆ ತುಂಬಿಸಿದ ಮೇಲೆಯೇ ಪೆಟ್ಟಿಗೆ ಬಿಚ್ಚಬೇಕು, ಯಂತ್ರ ಬರುವವರೆಗೆ ಮುಟ್ಟಬಾರದು ಎಂದು ವಿಲ್ಮಾ ಹೇಳಿದ್ದಳು.

ಭಾನುವಾರ ಕಳೆದು ಕೆಲಸಕ್ಕೆ ಬಂದಾಗ ಎಲ್ಲ ಮಾಪಕಗಳ ಮುಳ್ಳೂ ಸೊನ್ನೆಯಲ್ಲಿತ್ತು. ಪೆಟ್ಟಿಗೆಗಳಿಗೆ ಸಿಕ್ಕಿಸಿದ್ದ ಉದ್ದದ ಪೈಪೊಂದು ಕಾಂಪೌಂಡಿನ ಆಚೆ ಬಯಲಿಗೆ ಹೋಗಿತ್ತು.

"ಬಯಲಿಗೆ ಬಿಟ್ಟದ್ದು ಮೇಡಂ, ಒಳಗಲ್ಲ," ಎಂದ ಗುತ್ತಿಗೆದಾರ. "ಯಾರಿಗೂ ಎಂತ ಆಗಲಿಲ್ಲ. ರೋಹಿತ್ ಸರ್‌ಗೆ ಗೊತ್ತುಂಟು."

ವಿಲ್ಮಾ ಆ ಪೈಪಿನ ಬಾಯಿಯ ಹತ್ತಿರ ಹೋಗಿ ನಿಂತಳು. ಗದ್ದೆಯ ಮೇಲೆ ಬಿಸಿಲು ಬಿದ್ದಿತ್ತು. ಎರಡು ಕೊಕ್ಕರೆ ಓಡಾಡುತ್ತಿದ್ದವು. ಹಿಂದೆ ಯಾರೋ ಬಂದ ಸದ್ದಾಯಿತು. ಹೂವಪ್ಪ. ಬಾವ ಹೋದ ಮೇಲೆ ಅವನು ಅವಳಿಗೆ ಕೆಲಸದ ಮಾತನ್ನೂ ಬೇರೆಯವರ ಮೂಲಕವೇ ಹೇಳಿ ಕಳಿಸುತ್ತಿದ್ದ.

"ಇದು ಎಲ್ಲಿಗೆ ಹೋಗ್ತದೆ?" ಎಂದು ಕೇಳಿದ.

"ಮೊದಲು ಗಾಳಿಯಲ್ಲಿ ಬೆರೆಯುತ್ತದೆ. ಆಮೇಲೆ ಮೇಲೇರ್ತದೆ. ಸಾವಿರ ವರ್ಷವಾದರೂ ನಾಶವಾಗುವುದಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಡೈಆಕ್ಸೈಡಿಗಿಂತ ಇಪ್ಪತ್ತು ಸಾವಿರ ಪಟ್ಟು ಜಾಸ್ತಿ ಸೆಕೆ ಹಿಡಿದಿಡ್ತದೆ."

"ಮತ್ತೆ ಹಿಂದೆ ತರಲಿಕ್ಕೆ ಆಗುವುದಿಲ್ಲವಾ?"

"ಇಲ್ಲ."

ತಾನು ಈಗಲೇ ಮಣಿಪಾಲಕ್ಕೆ ಹೋಗಿ ಪರಿಸರ ಅಧಿಕಾರಿಗೆ ದೂರು ಕೊಡುತ್ತೇನೆ ಎಂದಳು ವಿಲ್ಮಾ. ಇದಕ್ಕೆ ಕಾನೂನು ಉಂಟೋ ಇಲ್ಲವೋ ತನಗೆ ಗೊತ್ತಿಲ್ಲ, ಕೆಲಸ ಹೋದರೂ ಹೋದೀತು ಎಂದಳು.

"ಸಾಕ್ಷಿ ಬೇಕಾ?"

"ಇದ್ದರೆ ಒಳ್ಳೆಯದು."

"ಬರ್ತೇನೆ."

ಅವಳು ಸ್ಕೂಟರ್ ಹೊರಗೆ ತಂದು, ಸೀಟು ಒರೆಸಿ, ಅವನತ್ತ ನೋಡಿದಳು. ಅವನು ಮುಖ ತಿರುಗಿಸಿದ.

"ಅದರಲ್ಲಿ ಬೇಡ ಮೇಡಂ. ನಾನು ಬಸ್ಸಿನಲ್ಲಿ ಬರ್ತೇನೆ," ಎಂದು ಹೇಳಿ ಗೇಟು ದಾಟಿ ಪಡುಬಿದ್ರಿಯ ರಸ್ತೆಯಲ್ಲಿ ನಡೆದ.