ಊರಿನ ಕೊನೆಯ ನಿರುದ್ಯೋಗಿ

ನಮ್ಮ ಊರಿನಲ್ಲಿ ಕೆಲಸ ಸಿಗದೆ ಉಳಿದಿದ್ದ ಕೊನೆಯ ಹುಡುಗಿ ನಾನು. ಇದೇನೂ ಹೆಮ್ಮೆಯಿಂದ ಹೇಳಿಕೊಳ್ಳುವ ವಿಷಯವಲ್ಲ, ಆದರೆ ಕೆಲಸ ಹುಡುಕಿಕೊಡುವ ಯುವ ನೆರವು ಕೇಂದ್ರದ ಮೂವರು ಸಿಬ್ಬಂದಿಗೆ ನಾನು ಕಣ್ಮಣಿಯಾಗಿದ್ದೆ. ಮಿಕ್ಕ ಹುಡುಗ ಹುಡುಗಿಯರಿಗೆಲ್ಲ ಅವರೇ ಓಡಾಡಿ ಕೆಲಸ ಕೊಡಿಸಿದ್ದರು. ಅದಕ್ಕೆ ಮೇಲಿನವರಿಂದ ಮೆಚ್ಚುಗೆ ಬಂತು. ಮೆಚ್ಚುಗೆಯ ಬೆನ್ನಿಗೇ ಒಂದು ನಿಯಮವೂ ಬಂತು: ನೆರವು ಕೇಳುವವರು ಯಾರೂ ಇಲ್ಲದ ದಿನ ಕೇಂದ್ರಕ್ಕೆ ಬೀಗ. ಮರುದಿನ ಬೆಳಿಗ್ಗೆ ಕಾಯುವ ಬೆಂಚಿನ ಮೇಲೆ ಕೂತಿದ್ದವಳು ನಾನೊಬ್ಬಳೇ. ಮೂವರೂ ಬಾಗಿಲಲ್ಲಿ ಒತ್ತಿಕೊಂಡು ನಿಂತು, ನನ್ನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು.

ಅಂದಿನಿಂದ ನನ್ನ ಉಪಚಾರವೇ ಉಪಚಾರ. ಮುಖ್ಯಸ್ಥೆ ಮೇಡಂ ಬೆಂಚಿಗೆ ದಿಂಬು ತಂದರು. ಸಂದರ್ಶನದಲ್ಲಿ ಹೇಗೆ ಮಾತಾಡಬೇಕೆಂದು ಕಲಿಸುತ್ತಿದ್ದ ಸಂದರ್ಶನ ಸರ್, ನನ್ನ ಉತ್ತರಗಳನ್ನು ತಿದ್ದುವುದು ಬಿಟ್ಟು ಹೊಗಳತೊಡಗಿದರು. ಟೋಕನ್ ಕೂಗುವ ಹಿರಿಯರನ್ನು ನಾವೆಲ್ಲ ಟೋಕನ್ ಮಾವ ಎನ್ನುತ್ತಿದ್ದೆವು. ಅವರು ದಿನವೂ ಗಂಟಲು ಸರಿಮಾಡಿಕೊಂಡು ‘ಟೋಕನ್ ಒಂದು’ ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿ, ನಾನು ಎದ್ದರೆ ಸಾಕು, ನೆಮ್ಮದಿಯಿಂದ ಉಸಿರು ಬಿಡುತ್ತಿದ್ದರು. ನಾನು ಸೀನಿದರೆ ಮೂವರೂ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು.

ಆದರೆ ಕೆಲಸ ಮಾತ್ರ ಇಲ್ಲ. ಮೊದಮೊದಲು ಅನುಭವವಿಲ್ಲ ಎಂದರು. ಅನುಭವ ಬರಲಿ ಎಂದು ಸ್ವಯಂಸೇವೆಗೆ ಕಳಿಸಿದರು. ಸ್ವಯಂಸೇವೆಗೆ ಹೋದವರು ನಿಯಮದ ಪ್ರಕಾರ ನಿರುದ್ಯೋಗಿಗಳಾಗಿಯೇ ಉಳಿಯುತ್ತಾರೆ, ಮೇಡಂ ಕಂಡುಕೊಂಡಿದ್ದ ದಾರಿ ಅದು. ನಾನು ಉದ್ಯಾನದ ಬಾತುಕೋಳಿ ಎಣಿಸಿದೆ. ವೃದ್ಧಾಶ್ರಮದಲ್ಲಿ ಒಬ್ಬ ಅಜ್ಜನಿಗೆ ಪೇಪರ್ ಓದಿದೆ. ಅವರಿಗೆ ಓದಲು ಬರುತ್ತಿತ್ತು, ನನಗೆ ಬೇಜಾರಾಗಬಾರದೆಂದು ಕೇಳುತ್ತಿದ್ದರಂತೆ. ಯಾರೂ ದಾಟದ ರಸ್ತೆಯಲ್ಲಿ ನಿಂತು ಜನರನ್ನು ದಾಟಿಸಿದೆ. ಕೊನೆಗೆ ಒಂದು ಒಳ್ಳೆಯ ಕೆಲಸ ಬಂದಾಗ ಸಂದರ್ಶನ ಸರ್ ಮುಖ ಸಪ್ಪಗೆ ಮಾಡಿಕೊಂಡು, “ನಿನಗೀಗ ಅನುಭವ ಜಾಸ್ತಿ ಆಗ್ಬಿಟ್ಟಿದೆ ಕಣಮ್ಮ,” ಎಂದರು. ನನ್ನ ಮೈಯೆಲ್ಲ ಉರಿಯಿತು. ದಿಂಬನ್ನು ಕಿಟಕಿಯಿಂದ ಎಸೆದೆ. ಟೋಕನ್ ಮಾವ ಇಳಿದು ಹೋಗಿ, ಧೂಳು ಕೊಡವಿ, ಮತ್ತೆ ತಂದಿಟ್ಟರು.

ನನಗೆ ಕೆಲಸ ಬೇಕಿದ್ದದ್ದು ಅಪ್ಪನಿಗಾಗಿ. ಅಪ್ಪ ಲಾಂಡ್ರಿಯ ವ್ಯಾನ್ ಓಡಿಸುತ್ತಿದ್ದರು, ಮತ್ತು ಅವರ ಕಣ್ಣು ಮಂಜಾಗುತ್ತಿತ್ತು. ಅದನ್ನು ಅವರು ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ. ಬೆಳಿಗ್ಗೆ ಬೀದಿ ದೀಪದ ಕಂಬಕ್ಕೆ “ಆರಾಮಾ?” ಎಂದು ಕೇಳಿ, ಕಂಬ ಸುಮ್ಮನಿದ್ದರೆ, “ಜನ ತುಂಬಾ ಬದಲಾಗಿದಾರೆ,” ಎಂದು ಬೇಸರಪಟ್ಟುಕೊಳ್ಳುತ್ತಿದ್ದರು. ಹೋಟೆಲಿನ ಚಾದರಗಳನ್ನು ಆಸ್ಪತ್ರೆಗೆ ಕೊಟ್ಟು ಬಂದದ್ದೂ ಉಂಟು. ಅಲ್ಲಿನ ರೋಗಿಗಳು ಬಹಳ ಮೆಚ್ಚಿದರಂತೆ. ಕೇಳುವವರಿಗೆ ಇದೆಲ್ಲ ನಗು. ಆದರೆ ಅಪ್ಪ ವ್ಯಾನ್ ಶುರು ಮಾಡುವ ಸದ್ದು ಕೇಳಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ನನಗೊಂದು ಕೆಲಸ ಸಿಕ್ಕ ದಿನ ಕೀಲಿ ಕೆಳಗಿಡುತ್ತೇನೆ ಎಂದು ಅಪ್ಪ ಹೇಳಿದ್ದರು. ಅಷ್ಟರೊಳಗೆ ಯಾರಾದರೂ ವ್ಯಾನಿಗೆ ಅಡ್ಡ ಬಂದರೆ ಏನು ಗತಿ ಎಂದು ಯೋಚಿಸಿ ನನಗೆ ನಿದ್ದೆ ಬರುತ್ತಿರಲಿಲ್ಲ.

ಊರಿನಲ್ಲಿದ್ದ ಸ್ವಯಂಸೇವೆಗಳೆಲ್ಲ ಮುಗಿದ ಮೇಲೆ ಮೇಡಂ ಒಂದು ತಪ್ಪು ಮಾಡಿದರು. ನನ್ನನ್ನು ಕೇಂದ್ರಕ್ಕೇ ಸ್ವಯಂಸೇವಕಿಯಾಗಿ ಹಾಕಿದರು. ಕೆಲಸ ಹುಡುಕುವ ಯುವಜನರಿಗೆ ನೆರವಾಗುವುದು ನನ್ನ ಹೊಣೆ. ಯುವಜನ ಎಂದರೆ ನಾನೊಬ್ಬಳೇ.

ಹಾಗಾಗಿ ನಾನು ಮೇಜಿನ ಒಳಬದಿಯ ಕುರ್ಚಿಯಲ್ಲಿ ಕೂತೆ. ಟೋಕನ್ ಮಾವ ‘ಟೋಕನ್ ಒಂದು’ ಎಂದರು. ಎದ್ದು, ಮೇಜು ಬಳಸಿ ಹೋಗಿ, ಹೊರಬದಿಯ ಕುರ್ಚಿಯಲ್ಲಿ ಕೂತು, “ಯಾವ ಕೆಲಸ ಆದ್ರೂ ಪರವಾಗಿಲ್ಲ,” ಎಂದೆ. ಮತ್ತೆ ಒಳಬದಿಗೆ ಬಂದು ಕೂತಾಗ ಈ ಹುಡುಗಿಯ ಮೇಲೆ ನನಗೆ ಸಿಟ್ಟು ಬಂತು. ಯಾವುದಾದರೂ ಎಂದರೆ ಯಾರು ಕೊಡುತ್ತಾರೆ?

“ನಿಂಗೆ ಏನು ಮಾಡೋಕೆ ಇಷ್ಟ, ಅದು ಹೇಳು,” ಎಂದು ಕೇಳಿದೆ.

ಹೊರಬದಿಗೆ ಹೋಗಿ ಕೂತೆ. ಇಷ್ಟು ಕಾಲ ಈ ಕೇಂದ್ರದಲ್ಲಿ ಯಾರೂ ನನ್ನನ್ನು ಆ ಮಾತು ಕೇಳಿರಲಿಲ್ಲ. ನನಗೆ ಅಳು ಬಂತು. ಕೆಟ್ಟ ಯಂತ್ರಗಳನ್ನು ಬಿಚ್ಚಿ ನೋಡುವುದೆಂದರೆ ಇಷ್ಟ, ಮನೆಯ ಹೊಲಿಗೆ ಮೆಷಿನ್, ಮಿಕ್ಸಿ ಎಲ್ಲ ನಾನೇ ಸರಿಮಾಡುವುದು ಎಂದು ಕೊನೆಗೂ ಹೇಳಿದೆ. ಒಳಬದಿಗೆ ಬಂದು, ಕಣ್ಣೊರೆಸಿಕೊಂಡು ಫೋನ್ ಎತ್ತಿದೆ.

ನಾಲ್ಕಾರು ಕಡೆ ಇಲ್ಲ ಎಂದರು. ಆಮೇಲೆ ಕೇಂದ್ರದ ಕಟ್ಟಡದ ಲಿಫ್ಟನ್ನೇ ನೋಡಿಕೊಳ್ಳುವ ಮೆಕ್ಯಾನಿಕ್ ಸಿಕ್ಕರು. “ಹೆಲ್ಪರ್ ಬೇಕು ಅಂತ ನಿಮ್ಮ ಕೇಂದ್ರಕ್ಕೆ ಹೇಳಿ ಹೇಳಿ ಸಾಕಾಯ್ತಲ್ಲಮ್ಮ. ಊರಲ್ಲಿ ಯಾರೂ ಖಾಲಿ ಇಲ್ಲ ಅಂತಾರೆ,” ಎಂದರು. ಒಬ್ಬಳು ಇದ್ದಾಳೆ, ನಾಳೆ ಬಂದು ನೋಡಿ ಎಂದೆ. ಹುಡುಗಿ ಹೇಗೆ ಎಂದು ಕೇಳಿದರು. ಸ್ವಲ್ಪ ಮುಂಗೋಪಿ, ಆದರೆ ಒಳ್ಳೆಯವಳು ಎಂದೆ.

ಮಾತೆಲ್ಲ ಟೋಕನ್ ಮಾವನ ಕಿವಿಗೆ ಬಿದ್ದಿತ್ತು. ಮರುದಿನ ಮೆಕ್ಯಾನಿಕ್ ಗೇಟಿನೊಳಗೆ ಬರುವುದು ಕಿಟಕಿಯಲ್ಲಿ ಕಂಡಿದ್ದೇ ತಡ, ಅವರನ್ನು ಕೆಳಗಿನಿಂದಲೇ ಸಾಗಹಾಕಲು ಮೂವರೂ ಒಟ್ಟಿಗೆ ಲಿಫ್ಟಿಗೆ ನುಗ್ಗಿದರು. ಜಾಲರಿ ಬಾಗಿಲಿನ ಹಳೇ ಲಿಫ್ಟ್ ಅದು. ನಾಲ್ಕು ಅಡಿ ಇಳಿದು ನಿಂತುಬಿಟ್ಟಿತು. ನಮ್ಮ ಮಹಡಿಯ ನೆಲದ ಮಟ್ಟಕ್ಕೆ ಮೂರು ಮುಖಗಳು ಸಾಲಾಗಿ ಉಳಿದವು.

ಮೆಕ್ಯಾನಿಕ್ ಮೆಟ್ಟಿಲು ಹತ್ತಿ ಬಂದು ಬಗ್ಗಿ ನೋಡಿದರು. “ಇದಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಬ್ರೇಕ್ ಬಿಟ್ಟು ಚಕ್ರ ತಿರುಗಿಸ್ಬೇಕು, ಇನ್ನೊಬ್ಬರು ಇಲ್ಲಿ ನಿಂತು ಮಟ್ಟ ಬಂತಾ ಅಂತ ಹೇಳ್ಬೇಕು. ಕಂಪನಿಯವರಲ್ಲದೆ ಬೇರೆ ಯಾರೂ ಮುಟ್ಟೋ ಹಾಗಿಲ್ಲ.”

“ಹಾಗಾದ್ರೆ ನನ್ನನ್ನ ಸೇರಿಸ್ಕೊಳ್ಳಿ,” ಎಂದೆ.

“ಸೇರಿಸ್ಕೋಬಹುದು. ನೇಮಕದ ಕಾಗದಕ್ಕೆ ಕೇಂದ್ರದ ಮೊಹರು ಬೇಕಲ್ಲ.”

ಮೊಹರು ಮೇಡಂ ಕೈಚೀಲದಲ್ಲಿತ್ತು. ಕೈಚೀಲ ಲಿಫ್ಟಿನಲ್ಲಿತ್ತು. ಮೆಕ್ಯಾನಿಕ್ ಇದನ್ನೆಲ್ಲ ವಿವರಿಸಿ ಹೇಳಿದರು. ಮೂರು ಮುಖಗಳೂ ಒಂದನ್ನೊಂದು ನೋಡಿಕೊಂಡವು.

“ನಮಗೇನೂ ಅವಸರ ಇಲ್ಲ,” ಎಂದರು ಮೇಡಂ. “ಇಲ್ಲಿ ಗಾಳಿ ಚೆನ್ನಾಗಿದೆ.”

“ಊಟದ ಡಬ್ಬಿನೂ ಇದೆ,” ಎಂದರು ಸಂದರ್ಶನ ಸರ್.

ಟೋಕನ್ ಮಾವ ನನ್ನತ್ತ ನೋಡಲಿಲ್ಲ.

ಹೀಗೆ ಮಧ್ಯಾಹ್ನವಾಯಿತು. ಅವರು ಒಳಗೇ ಊಟ ಮಾಡಿದರು. ಕೈತೊಳೆಯಲು ನೀರು ಕೇಳಿದರು, ಜಾಲರಿಯಿಂದ ಸುರಿದೆ. ಮೇಡಂ ಸಭೆಯನ್ನೂ ನಡೆಸಿದರು. ಯುವಜನರ ಭವಿಷ್ಯದ ಬಗ್ಗೆ ಸಂದರ್ಶನ ಸರ್ ಒಳ್ಳೆಯ ನಾಲ್ಕು ಮಾತಾಡಿದರು. ನಾನು ನೆಲದ ಮೇಲೆ ಕೂತು, ಬೇಡಿದೆ, ಬೈದೆ. ಒಮ್ಮೆ ಮೇಡಂ, “ನಮಗೆ ಬೇರೆ ಯಾರು ಕೆಲಸ ಕೊಡ್ತಾರಮ್ಮ? ಕೆಲಸ ಕೊಡಿಸೋದು ಬಿಟ್ಟು ನಮಗೇನೂ ಬರಲ್ಲ,” ಎಂದರು. ಅವರ ಮೇಲೆ ಕನಿಕರ ಹುಟ್ಟಿದ್ದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಕೆಳಗೆ ಏನೋ ಗುದ್ದಿದ ಸದ್ದಾಯಿತು. ಓಡಿಹೋಗಿ ಕಿಟಕಿಯಲ್ಲಿ ಇಣುಕಿದೆ. ಲಾಂಡ್ರಿಯ ವ್ಯಾನ್ ಗೇಟಿನ ಕಂಬಕ್ಕೆ ಆತುಕೊಂಡು ನಿಂತಿತ್ತು. ಗೇಟಿನ ಪಕ್ಕದಲ್ಲಿ ಒಬ್ಬ ತಾಯಿ ತನ್ನ ಮಗುವನ್ನು ಎತ್ತಿ ಅಪ್ಪಿಕೊಂಡಿದ್ದಳು. ಯಾರಿಗೂ ಏನೂ ಆಗಿರಲಿಲ್ಲ.

ಅಪ್ಪ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ನನ್ನನ್ನು ಕರೆದೊಯ್ಯಲು ಬಂದಿದ್ದರಂತೆ. ಲಿಫ್ಟಿನ ಪಕ್ಕದ ಗೋಡೆಗೆ ನೇತುಹಾಕಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮುಂದೆ ನಿಂತು, ಕೈ ಜೋಡಿಸಿದರು. ಮೇಡಂ ಕೆಂಪು ಸೀರೆ ಉಡುವುದು ಅವರಿಗೆ ಗೊತ್ತಿತ್ತು.

“ಮೇಡಂ, ನಿಮಗೆ ಒಂದು ಮಾತು ಹೇಳ್ಬೇಕು ಅಂತ ತುಂಬಾ ದಿನದಿಂದ ಇದೆ,” ಎಂದರು ಸಿಲಿಂಡರಿಗೆ. “ಇಷ್ಟು ವರ್ಷ ಆದ್ರೂ ನಮ್ಮ ಹುಡುಗಿನ ನೀವು ಕೈಬಿಟ್ಟಿಲ್ಲ. ಬೇರೆಯವರಾಗಿದ್ರೆ ಯಾವಾಗಲೋ ಸಾಕು ಅಂತಿದ್ರು. ನಿಮ್ಮ ಋಣ ನಾನು ಹೇಗೆ ತೀರಿಸ್ಲಿ?”

ಲಿಫ್ಟಿನೊಳಗಿದ್ದವರ ಕಣ್ಣ ಮಟ್ಟಕ್ಕೆ ಅಪ್ಪನ ಪಾದಗಳಿದ್ದವು. ಒಂದರಲ್ಲಿ ಕಪ್ಪು ಶೂ, ಇನ್ನೊಂದರಲ್ಲಿ ಕಂದು. ಎರಡೂ ಚೆನ್ನಾಗಿ ಪಾಲಿಷ್ ಆಗಿದ್ದವು. ಮೇಡಂ ಅವುಗಳನ್ನೇ ನೋಡುತ್ತಿದ್ದರು.

“ಕೆಳಗೆ ಗುದ್ದಿದ್ದು ಇವರ ವ್ಯಾನಾ?” ಎಂದು ಮೆಲ್ಲಗೆ ಕೇಳಿದರು.

“ಹೂಂ,” ಎಂದೆ.

“ಮೇಡಂ, ಮೊಹರು ಹಾಕ್ಬಿಡಿ,” ಎಂದರು ಟೋಕನ್ ಮಾವ.

ಮೇಡಂ ಕೈಚೀಲ ತೆಗೆದರು. ಕಾಗದ ಹುಡುಕಲು ನಾನು ಹೋಗಲಿಲ್ಲ, ಅಷ್ಟರಲ್ಲಿ ಅವರ ಮನಸ್ಸು ಬದಲಾದರೆ? ನೆಲಕ್ಕೆ ಮಲಗಿ ಜಾಲರಿಯೊಳಗೆ ಕೈ ತೂರಿಸಿದೆ. ಮೇಡಂ ನನ್ನ ಅಂಗೈ ಹಿಡಿದು, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಮೊಹರನ್ನು ಒತ್ತಿದರು. ಮೆಕ್ಯಾನಿಕ್ ನನ್ನ ಅಂಗೈ ಓದಿ, ಸರಿ ಎಂದು ತಲೆಯಾಡಿಸಿ, ಮೇಲಕ್ಕೆ ಹೋದರು. ನಾನು ಬಾಗಿಲ ಬಳಿ ನಿಂತು, “ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ,” ಎಂದು ಕೂಗುತ್ತಾ ಹೋದೆ. ಮಟ್ಟ ಬಂದಾಗ “ಸಾಕು,” ಎಂದೆ. ಮೂವರೂ ಹೊರಗೆ ಬಂದರು. ಅದು ನಾನು ಸಂಬಳಕ್ಕೆ ಮಾಡಿದ ಮೊದಲ ಕೆಲಸ.

ಎಲ್ಲಿ ಹೋಗಬೇಕೆಂದು ತೋಚದೆ ಮೇಡಂ ಕಾಯುವ ಬೆಂಚಿನ ಮೇಲೆ ಕೂತರು. ಸರ್ ಪಕ್ಕದಲ್ಲಿ ಕೂತರು. ಟೋಕನ್ ಮಾವ ಅಭ್ಯಾಸಬಲದಿಂದ ‘ಟೋಕನ್ ಒಂದು’ ಎಂದು ಕೂಗಿದರು. ಯಾರೂ ಏಳಲಿಲ್ಲ. ಆಮೇಲೆ ಮೇಡಂ ಎದ್ದು ಬಂದು ನನ್ನ ಮುಂದೆ ನಿಂತರು. ಸಂಜೆಯವರೆಗೆ ನಾನಿನ್ನೂ ಅಲ್ಲಿನ ಸ್ವಯಂಸೇವಕಿ.

“ಮೇಡಂ, ನಿಮಗೆ ವ್ಯಾನ್ ಓಡಿಸೋಕೆ ಬರತ್ತಾ?” ಎಂದು ಕೇಳಿದೆ. “ಲಾಂಡ್ರಿಯಲ್ಲಿ ಒಂದು ಜಾಗ ಖಾಲಿ ಆಗೋದಿದೆ.”

“ಬರತ್ತೆ,” ಎಂದರು. “ಆದ್ರೆ ಅನುಭವ ಇಲ್ಲ.”

ಅದಕ್ಕೆ ಕೊಡಲು ನನ್ನ ನಾಲಿಗೆಯ ತುದಿಯಲ್ಲಿ ಒಂದು ಖಾರದ ಉತ್ತರ ಸಿದ್ಧವಾಗಿತ್ತು. ಅಪ್ಪ ಮಾತಾಡಿದ್ದರಿಂದ ಅದು ಅಲ್ಲೇ ಉಳಿಯಿತು.

“ಕೆಲಸ ಸಿಕ್ತಾ ಮಗಳೇ?”

“ಸಿಕ್ತಪ್ಪ.”

ಅಪ್ಪ ಜೇಬಿನಿಂದ ವ್ಯಾನಿನ ಕೀಲಿ ತೆಗೆದರು. “ನನಗೆ ಈಗೀಗ ಸರಿಯಾಗಿ ಕಾಣಲ್ಲ, ಗೊತ್ತಾ? ನಿಂಗೆ ಹೇಳಿರ್ಲಿಲ್ಲ.”

“ಗೊತ್ತಿತ್ತಪ್ಪ.”

ಅವರು ತಲೆಯಾಡಿಸಿ, ಮೇಜಿನ ಮೇಲೆ ಇಡುವವರಂತೆ ಕೀಲಿಯನ್ನು ನಿಧಾನವಾಗಿ ಕೆಳಗಿಳಿಸಿ ಬೆರಳು ಸಡಿಲಿಸಿದರು. ಅವರು ಅಂದುಕೊಂಡಿದ್ದ ಕಡೆ ಮೇಜು ಇರಲಿಲ್ಲ. ಮೊಹರು ಬಿದ್ದ ಅಂಗೈಯನ್ನು ನಾನು ಅಲ್ಲಿ ಒಡ್ಡಿದೆ.